ಒಂದು ಮಾತ್ರೆ ಶುರು ಮಾಡೋಕೆ 3 ದಿನ ಅಡ್ಮಿಟ್ ಆಗ್ಲೇಬೇಕಾ? ಅಪ್ಪಂಗೆ ಸೋಟಲಾಲ್ ಬರೆದಿದಾರೆ

ಹಾಸನದ_ಮಗಳು
ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ನಮ್ಮಪ್ಪಂಗೆ 63 ವರ್ಷ. 2019ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಎರಡು ಸ್ಟೆಂಟ್ ಹಾಕಿದ್ರು, ಆಮೇಲೆ ಚೆನ್ನಾಗೇ ಇದ್ರು, ದಿನಾ ತೋಟಕ್ಕೆ ಹೋಗಿ ಬರ್ತಿದ್ರು. ಈಗ ಆರು ತಿಂಗಳಿಂದ ಇದ್ದಕ್ಕಿದ್ದಂಗೆ ಎದೆ ಢವಢವ ಅನ್ನುತ್ತೆ, ಒಂದೊಂದ್ಸಲ ಎರಡು ಗಂಟೆ, ಒಂದೊಂದ್ಸಲ ಇಡೀ ರಾತ್ರಿ, ಆಮೇಲೆ ತಾನಾಗೇ ಸರಿ ಹೋಗುತ್ತೆ. ಹೋಲ್ಟರ್ (ಮೈಗೆ ಕಟ್ಟಿ ಕಳಿಸೋ ಇಸಿಜಿ ಮಷೀನು) ಹಾಕಿ ನೋಡಿ ಏಟ್ರಿಯಲ್ ಫಿಬ್ರಿಲೇಷನ್, ಅಂದ್ರೆ ಹೃದಯದ ಮೇಲಿನ ಕೋಣೆಗಳ ತಾಳ ತಪ್ಪೋದು ಅಂದ್ರು. ರಕ್ತ ತೆಳು ಆಗೋ ಮಾತ್ರೆ ಕೊಟ್ಟಿದಾರೆ, ಮೆಟೊಪ್ರೊಲಾಲ್ ಮೊದಲಿಂದ್ಲೂ ಇತ್ತು. ಆದ್ರೂ ತಾಳ ತಪ್ಪೋದು ನಿಂತಿಲ್ಲ.

ಮೊನ್ನೆ ಡಾಕ್ಟ್ರು ಹೇಳಿದ್ದು ಹಿಂಗೆ: ತಾಳ ಸರಿ ಮಾಡೋ ಮಾತ್ರೆಗಳಲ್ಲಿ ಫ್ಲೆಕೈನೈಡ್ ಇವ್ರಿಗೆ ಕೊಡಂಗಿಲ್ಲ ಯಾಕಂದ್ರೆ ಅಟ್ಯಾಕ್ ಆಗಿದೆ, ಅಮಿಯೊಡರೋನ್ ಈಗ್ಲೇ ಬೇಡ ಯಾಕಂದ್ರೆ ಥೈರಾಯ್ಡ್ ತೊಂದ್ರೆ ಇತ್ತು, ಸೋಟಲಾಲ್ ನೋಡೋಣ, ಆದ್ರೆ 3 ದಿನ ಅಡ್ಮಿಟ್ ಆಗಿ. ಅಪ್ಪ ಸುತಾರಾಂ ಒಪ್ತಿಲ್ಲ. "ಮಾತ್ರೆ ನುಂಗೋಕೆ ಆಸ್ಪತ್ರೆ ಮಂಚ ಯಾಕೆ, ಮನೇಲಿ ನೀರಿಲ್ವಾ" ಅಂತಾರೆ. ನಂಗೂ ಉತ್ತರ ಗೊತ್ತಿಲ್ಲ. ಈ ಮಾತ್ರೆ ಒಳಗೆ ಹೋಗಿ ಏನ್ ಮಾಡುತ್ತೆ ಅಂತ ಯಾರಾದ್ರೂ ಅರ್ಥ ಆಗೋ ಥರ ಹೇಳಿದ್ರೆ ಅವ್ರನ್ನ ಒಪ್ಪಿಸಬಹುದೇನೋ.

ದಾವಣಗೆರೆ_ಬೆಣ್ಣೆ
ತಂಗಿ, ನೇರವಾಗೇ ಹೇಳ್ತೀನಿ ಬೇಜಾರಾಗ್ಬೇಡಿ. ನಮ್ ಮಾವನ್ನ ಒಂದು ಆಸ್ಪತ್ರೇಲಿ ಅಬ್ಸರ್ವೇಷನ್ ಅಂತ ಎರಡು ದಿನ ಇಟ್ಕೊಂಡು ಏನೂ ಮಾಡ್ದೆ ಬಿಲ್ ಮಾತ್ರ ಕೊಟ್ರು, ಆ ದುಡ್ಡಿಗೆ ಅತ್ತೆ ಬಳೆ ಅಡ ಇಟ್ಟಿದ್ವಿ. ಅವತ್ತಿಂದ ನಂಗೆ ಅಬ್ಸರ್ವೇಷನ್ ಅಂದ್ರೆ ನಂಬಿಕೆ ಇಲ್ಲ. ಮೆಟೊಪ್ರೊಲಾಲ್ ಶುರು ಮಾಡ್ವಾಗ ಅಡ್ಮಿಟ್ ಮಾಡಿದ್ರಾ? ಇಲ್ವಲ್ಲ. ಸೋಟಲಾಲೂ ಅದೇ ಜಾತಿ ಬೀಟಾ ಬ್ಲಾಕರ್ ಅಂತ ಓದಿದೀನಿ. ಹಂಗಿದ್ರೆ ಇದಕ್ಕೆ ಯಾಕೆ 3 ದಿನ? ಇನ್ನೊಬ್ಬ ಡಾಕ್ಟ್ರನ್ನ ಕೇಳಿ.

ಸೀಸಿಯು_ಸಿಸ್ಟರ್
ಹಾಸನದ ಮಗಳು ಅವ್ರೆ, ದಯವಿಟ್ಟು ಮನೇಲಿ ಶುರು ಮಾಡ್ಬೇಡಿ. ನಾನು 14 ವರ್ಷದಿಂದ ಸಿಸಿಯುನಲ್ಲಿ, ಅಂದ್ರೆ ಹೃದಯದ ರೋಗಿಗಳ ಐಸಿಯುನಲ್ಲಿ ಕೆಲ್ಸ ಮಾಡ್ತಿದೀನಿ. ಬೆಣ್ಣೆ ಅಣ್ಣ, ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಈ ಮಾತ್ರೆ ವಿಷಯದಲ್ಲಿ 3 ದಿನ ಅನ್ನೋದಕ್ಕೆ ಲೆಕ್ಕ ಇದೆ. ಡ್ಯೂಟಿ ಮುಗಿಸಿ ರಾತ್ರಿ ಬರೀತೀನಿ, ಅಷ್ಟರಲ್ಲಿ ಮೇಷ್ಟ್ರು ಯಾರಾದ್ರೂ ಬೇಸಿಕ್ಸ್ ಹೇಳ್ತಿದ್ರೆ ಒಳ್ಳೇದು.

ಶರೀರ_ಪಾಠ
ನಾನು ಮೆಡಿಕಲ್ ಕಾಲೇಜಲ್ಲಿ ಫಿಸಿಯಾಲಜಿ ಪಾಠ ಮಾಡೋನು, ಟ್ರೀಟ್‌ಮೆಂಟ್ ಹೇಳೋನಲ್ಲ, ಆದ್ರೆ ಒಳಗಡೆ ಏನಾಗುತ್ತೆ ಅನ್ನೋದು ಹೇಳ್ಬಲ್ಲೆ.

ಹೃದಯದ ಮಾಂಸದ ಒಂದೊಂದು ಕೋಶವೂ ಸುಮ್ನೆ ಇದ್ದಾಗ ಒಳಗಡೆ ಹತ್ರ ಹತ್ರ ಮೈನಸ್ 90 ಮಿಲಿವೋಲ್ಟ್ ಇಟ್ಕೊಂಡಿರುತ್ತೆ. ಕೋಶದ ಗೋಡೇಲಿ ಸಣ್ಣ ಸಣ್ಣ ತೂಬುಗಳಿವೆ, ಕೆರೆ ತೂಬು ಅಂತೀವಲ್ಲ ಹಂಗೆ ಅಂದ್ಕೊಳ್ಳಿ, ಸೋಡಿಯಂಗೆ ಬೇರೆ, ಕ್ಯಾಲ್ಸಿಯಂಗೆ ಬೇರೆ, ಪೊಟ್ಯಾಸಿಯಂಗೆ ಬೇರೆ. ಪಕ್ಕದ ಕೋಶದಿಂದ ಕರೆಂಟ್ ಬಂದ ತಕ್ಷಣ ಸೋಡಿಯಂ ತೂಬು ತೆಗೆದು ಒಳಗೆ ನುಗ್ಗುತ್ತೆ, ಒಂದೆರಡು ಮಿಲಿಸೆಕೆಂಡ್ ಕೆಲ್ಸ. ಆಮೇಲೆ ಕ್ಯಾಲ್ಸಿಯಂ ನಿಧಾನಕ್ಕೆ ಬರ್ತಾ ಇರುತ್ತೆ, ಮಾಂಸ ಹಿಂಡೋದು ಇದರಿಂದ್ಲೇ. ಕೊನೇಗೆ ಪೊಟ್ಯಾಸಿಯಂ ಹೊರಗೆ ಹೋಗಿ ಕೋಶ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತೆ. ಕೆಳಗಿನ ಕೋಣೆಗಳಲ್ಲಿ ಇಷ್ಟೂ ಮುಗಿಯೋಕೆ ಸುಮಾರು 250ರಿಂದ 300 ಮಿಲಿಸೆಕೆಂಡ್. ಮುಗಿಯೋ ತನಕ ಆ ಕೋಶಕ್ಕೆ ಇನ್ನೊಂದು ಕರೆಂಟ್ ಬಂದ್ರೂ ಹೆಚ್ಚು ಕಡಿಮೆ ಕಿವುಡು, ಅದು ಬಹಳ ಮುಖ್ಯ.

ಇದನ್ನೇ ಇಸಿಜಿ ಕಾಗದದ ಮೇಲೆ ನೋಡ್ತೀರಿ. ಚೂಪಾಗಿ ಮೇಲೆದ್ದ ಕ್ಯೂಆರ್‌ಎಸ್ ಅಂದ್ರೆ ಕೆಳಗಿನ ಕೋಣೆಗಳಲ್ಲಿ ಸೋಡಿಯಂ ನುಗ್ಗಿ ಕರೆಂಟ್ ಹರಡಿದ್ದು. ಅಲ್ಲಿಂದ ಟಿ ಅಲೆ ಮುಗಿಯೋ ತನಕ ಇರೋ ಕ್ಯೂಟಿ ಅಂದ್ರೆ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲಾ ಕೋಶ ಸುಧಾರಿಸ್ಕೊಳ್ಳೋಕೆ ತಗೊಂಡ ಒಟ್ಟು ಸಮಯ. ಆಕ್ಸ್‌ಫರ್ಡ್‌ನ ವಾನ್ ವಿಲಿಯಮ್ಸ್ 1970ರಲ್ಲಿ ಶುರು ಮಾಡಿದ ವಿಂಗಡಣೆ ಇವತ್ತಿಗೂ ಪಾಠದಲ್ಲಿದೆ: ಮೊದಲ್ನೇ ಗುಂಪು ಸೋಡಿಯಂ ತೂಬನ್ನ ಅರ್ಧ ಮುಚ್ಚೋವು, ಎರಡ್ನೇದು ಬೀಟಾ ಬ್ಲಾಕರ್, ಮೂರ್ನೇದು ಪೊಟ್ಯಾಸಿಯಂ ತೂಬು ಹಿಡಿಯೋವು, ನಾಲ್ಕನೇದು ಕ್ಯಾಲ್ಸಿಯಂ ತೂಬಿಂದು, ವೆರಾಪಮಿಲ್, ಡಿಲ್ಟಿಯಾಜೆಮ್. ಸೋಡಿಯಂ ಹಿಡಿದ್ರೆ ಕರೆಂಟ್ ಹರಡೋದು ನಿಧಾನ ಆಗಿ ಕ್ಯೂಆರ್‌ಎಸ್ ಅಗಲ ಆಗುತ್ತೆ. ಪೊಟ್ಯಾಸಿಯಂ ಹಿಡಿದ್ರೆ ಸುಧಾರಿಸ್ಕೊಳ್ಳೋದು ತಡ ಆಗಿ ಕ್ಯೂಟಿ ಉದ್ದ ಆಗುತ್ತೆ.

ಇದರಿಂದ ತಾಳ ಹೆಂಗೆ ಸರಿ ಹೋಗುತ್ತೆ ಅಂದ್ರೆ, ನಾನು ಮಲೆನಾಡಿನೋನು, ಕಾಡ್ಗಿಚ್ಚಿನ ಉದಾಹರಣೆ ಕೊಡ್ತೀನಿ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಮೇಲಿನ ಕೋಣೆಗಳಲ್ಲಿ ಕರೆಂಟ್ ಬೆಂಕಿ ಥರ ಸುತ್ತು ಹೊಡೀತಾ ಇರುತ್ತೆ, ನಿಮಿಷಕ್ಕೆ 350ಕ್ಕಿಂತ ಜಾಸ್ತಿ ಸಲ. ಸುಟ್ಟ ಜಾಗದಲ್ಲಿ ಹುಲ್ಲು ಬೇಗ ಚಿಗುರಿದ್ರೆ ಬೆಂಕಿ ಸುತ್ತಿ ಬಂದು ಮತ್ತೆ ಅಲ್ಲೇ ಹತ್ಕೊಳ್ಳುತ್ತೆ. ಚಿಗುರೋದನ್ನ ಸ್ವಲ್ಪ ತಡ ಮಾಡಿಬಿಟ್ರೆ ಬೆಂಕಿ ಬರೋ ಹೊತ್ತಿಗೆ ಅಲ್ಲಿ ಬರೀ ಬೂದಿ, ಹಿಡಿಯೋಕೆ ಏನೂ ಸಿಗಲ್ಲ, ಆರಿ ಹೋಗುತ್ತೆ. ಸೋಟಲಾಲ್ ಪೊಟ್ಯಾಸಿಯಂ ತೂಬು ಹಿಡಿದು ಮಾಡೋದು ಇದನ್ನೇ. ಬೆಣ್ಣೆ ಅವ್ರೆ, ನೀವು ಹೇಳಿದ್ದು ಅರ್ಧ ಸರಿ, ಅದು ಬೀಟಾ ಬ್ಲಾಕರೂ ಹೌದು, ಮೂರ್ನೇ ಗುಂಪಿಂದೂ ಹೌದು. ಮೆಟೊಪ್ರೊಲಾಲ್ ಅಡ್ರಿನಲಿನ್‌ನ ಒತ್ತಡ ಕಮ್ಮಿ ಮಾಡುತ್ತೆ ಅಷ್ಟೇ, ಕ್ಯೂಟಿ ಉದ್ದ ಮಾಡಲ್ಲ. ಅಡ್ಮಿಟ್ ಬೇಕಿರೋದು ಆ ಇನ್ನರ್ಧಕ್ಕೆ.

ಹಾಸನದ_ಮಗಳು
ಸರ್ ತುಂಬಾ ಥ್ಯಾಂಕ್ಸ್, ಇದನ್ನ ಅಪ್ಪಂಗೆ ಗಟ್ಟಿಯಾಗಿ ಓದಿ ಹೇಳ್ದೆ. ತೂಬು ಅಂದಿದ್ದಕ್ಕೆ ಕಿವಿ ಕೊಟ್ರು. ಆದ್ರೆ ಒಂದು ಪ್ರಶ್ನೆ ಕೇಳಿದ್ರು, ನಂಗೂ ಸರಿ ಅನ್ನಿಸ್ತು: ಮೇಲಿನ ಕೋಣೇಲಿ ತಾನೆ ಬೆಂಕಿ ಇರೋದು, ಮಾತ್ರೆಗೆ ಮೇಲಿನ ಕೋಣೆ ಯಾವ್ದು ಕೆಳಗಿನ ಕೋಣೆ ಯಾವ್ದು ಅಂತ ಹೆಂಗೆ ಗೊತ್ತಾಗುತ್ತೆ?

ಶರೀರ_ಪಾಠ
ನಿಮ್ಮಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಸೋಟಲಾಲ್‌ಗೆ ಗೊತ್ತಾಗಲ್ಲ. ಮೇಲೂ ಹಿಡಿಯುತ್ತೆ ಕೆಳಗೂ ಹಿಡಿಯುತ್ತೆ. ಕೆಳಗಿನ ಕೋಣೇಲಿ ಸುಧಾರಿಸ್ಕೊಳ್ಳೋದು ಅತಿಯಾಗಿ ತಡ ಆದ್ರೆ ಕೋಶ ಪೂರ್ತಿ ಇಳಿಯೋ ಮೊದ್ಲೇ ಕ್ಯಾಲ್ಸಿಯಂ ತೂಬು ಮತ್ತೆ ತೆಗೆದು ಹೊಸ ಕಿಡಿ ಹಾರಬಹುದು. ಇನ್ನೊಂದು ಕಡೆ ಕೆಲವು ಜಾಗ ಬೇಗ ಚಿಗುರಿ ಕೆಲವು ಜಾಗ ತಡವಾಗಿ ಚಿಗುರಿ ಏರುಪೇರಾದ್ರೆ ಆ ಕಿಡಿಗೆ ಸುತ್ತೋಕೆ ದಾರಿ ಸಿಗುತ್ತೆ. ತಾಳ ಸರಿ ಮಾಡೋ ಔಷಧಿಯೇ ಇನ್ನೊಂದು, ಜಾಸ್ತಿ ಅಪಾಯದ ಕೆಟ್ಟ ತಾಳ ಹುಟ್ಟಿಸೋದು ಹಿಂಗೆ.

ಸೀಸಿಯು_ಸಿಸ್ಟರ್
ಈಗ ಬಂದೆ. ಸರ್ ಹೇಳಿದ ಆ ಅಪಾಯದ ತಾಳಕ್ಕೆ ಟೋರ್ಸಾಡ್ ಅಂತೀವಿ, ಫ್ರಾನ್ಸ್‌ನ ಡಾಕ್ಟ್ರು ದೆಸರ್ಟೆನ್ 1966ರಲ್ಲಿ ಮೊದಲು ವಿವರಿಸಿದ್ದು. ಮಾನಿಟರ್ ಮೇಲೆ ಅಲೆಗಳು ಹಗ್ಗ ಹುರಿ ಮಾಡ್ದಂಗೆ ತಿರುಚ್ಕೊಂಡು ದೊಡ್ಡದಾಗಿ ಸಣ್ಣದಾಗಿ ಹೋಗ್ತಾವೆ, ಒಂದ್ಸಲ ನೋಡಿದ್ರೆ ಮರೆಯಲ್ಲ. ಕೆಲವು ವರ್ಷದ ಹಿಂದೆ ನಮ್ಮ ವಾರ್ಡಿಗೆ ಐವತ್ತು ದಾಟಿದ ಒಬ್ರು ಅಮ್ಮ ಬಂದ್ರು, ಇಂಥದೇ ಕ್ಯೂಟಿ ಉದ್ದ ಮಾಡೋ ಮಾತ್ರೆ ಮನೇಲಿ ತಗೋತಿದ್ರು, ಮೂರು ದಿನ ಲೂಸ್ ಮೋಷನ್ ಆಗಿ ಪೊಟ್ಯಾಸಿಯಂ ಇಳಿದಿತ್ತು, ಅದ್ರ ಮೇಲೆ ಯಾರೋ ಕೊಟ್ಟ ಆ್ಯಂಟಿಬಯಾಟಿಕ್ ಬೇರೆ. ಅಡುಗೆಮನೇಲಿ ನಿಂತಲ್ಲೇ ಬಿದ್ರಂತೆ. ನಮ್ಮ ಕಣ್ಣೆದುರೇ ಮತ್ತೆ ಎರಡ್ಸಲ ತಿರುಚ್ಕೊಂತು, ಶಾಕ್ ಕೊಟ್ವಿ, ಮೆಗ್ನೀಷಿಯಂ 2 ಗ್ರಾಂ ರಕ್ತನಾಳಕ್ಕೆ ಹಾಕಿದ್ವಿ, ಉಳಿದ್ರು. ಅವ್ರ ಮಗ ಕಾರಿಡಾರಲ್ಲಿ ನೆಲದ ಮೇಲೆ ಕೂತಿದ್ದು ಇನ್ನೂ ಕಣ್ಮುಂದೆ ಇದೆ. ಹೆಂಗಸರಿಗೆ ಈ ಅಪಾಯ ಗಂಡಸರಿಗಿಂತ ಜಾಸ್ತಿ.

3 ದಿನದ ಲೆಕ್ಕ ಇದು. ಸೋಟಲಾಲ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 12 ಗಂಟೆ ಬೇಕು, ಸಾಮಾನ್ಯವಾಗಿ ದಿನಕ್ಕೆ ಎರಡ್ಸಲ ಕೊಡೋದು. ಹಿಂದಿನ ಡೋಸ್ ಪೂರ್ತಿ ಹೋಗಿರಲ್ಲ ಮುಂದಿಂದು ಬಂದು ಸೇರುತ್ತೆ, ಹಿಂಗೆ ಸೇರ್ತಾ ಸೇರ್ತಾ ಐದಾರು ಡೋಸ್ ಆದ್ಮೇಲೆ ಒಂದು ಮಟ್ಟಕ್ಕೆ ನಿಲ್ಲುತ್ತೆ. ಅಂದ್ರೆ ಮೂರ್ನೇ ದಿನ. ಮೊದಲ್ನೇ ದಿನ ಏನೂ ಆಗ್ಲಿಲ್ಲ ಅಂತ ಮನೆಗೆ ಕಳಿಸಿದ್ರೆ ಅರ್ಥ ಇಲ್ಲ. ಪ್ರತಿ ಡೋಸ್ ಆಗಿ 2ರಿಂದ 4 ಗಂಟೆಗೆ ಇಸಿಜಿ ತೆಗೆದು ಕ್ಯೂಟಿ ಅಳೀತೀವಿ. ಶುರು ಮಾಡೋ ಮುಂಚೆಯೇ 450 ಮಿಲಿಸೆಕೆಂಡ್ ದಾಟಿದ್ರೆ ಕೊಡಲ್ಲ, ಕೊಟ್ಟ ಮೇಲೆ 500 ಮುಟ್ಟಿದ್ರೆ ಡೋಸ್ ಇಳಿಸ್ತಾರೆ ಇಲ್ಲಾ ನಿಲ್ಲಿಸ್ತಾರೆ. ಕಿಡ್ನಿ ಮೂಲಕವೇ ಹೊರಗೆ ಹೋಗೋದ್ರಿಂದ ಕ್ರಿಯಾಟಿನಿನ್ ಟೆಸ್ಟ್ ಆಗ್ದೆ ಡೋಸ್ ಬರೆಯೋ ಹಂಗೇ ಇಲ್ಲ.

ಇನ್ನೊಂದು, ಇದನ್ನ ಜನ ಉಲ್ಟಾ ತಿಳ್ಕೊಂಡಿರ್ತಾರೆ. ಸೋಟಲಾಲ್ ಕ್ಯೂಟಿನ ಜಾಸ್ತಿ ಎಳೆಯೋದು ಹೃದಯ ನಿಧಾನಕ್ಕೆ ಬಡಿಯೋವಾಗ. ಅಂದ್ರೆ ರಾತ್ರಿ ನಿದ್ದೇಲಿ. ಹಗಲು ಓಡಾಡ್ಕೊಂಡು ಚೆನ್ನಾಗಿದೀನಿ ಅನ್ನೋದು ಲೆಕ್ಕಕ್ಕೆ ಬರಲ್ಲ, ನಾವು ರಾತ್ರಿ ಪಾಳಿಯವ್ರು ಕಣ್ಣಿಟ್ಟಿರೋದು ಅದಕ್ಕೇ.

ಗುಬ್ಬಿ_ಮೇಷ್ಟ್ರು
ಅಮಿಯೊಡರೋನ್ ಬಗ್ಗೆ ನಾನು ಹೇಳ್ತೀನಮ್ಮ, ನಮ್ಮನೆಯವ್ರು ನಾಲ್ಕು ವರ್ಷ ತಗೊಂಡ್ರು. ತಾಳಕ್ಕೆ ಅಷ್ಟು ಚೆನ್ನಾಗಿ ಕೆಲ್ಸ ಮಾಡಿದ ಮಾತ್ರೆ ಇನ್ನೊಂದಿಲ್ಲ, ಅದನ್ನ ಮೊದಲು ಹೇಳ್ಬೇಕು. ಅದು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಬೀಟಾ ನಾಲ್ಕೂ ಕಡೆ ಕೈ ಹಾಕುತ್ತಂತೆ. ಕ್ಯೂಟಿ ಉದ್ದ ಮಾಡಿದ್ರೂ ಟೋರ್ಸಾಡ್ ತರೋದು ಕಮ್ಮಿ. ಆದ್ರೆ ಅದ್ರ ತೂಕದಲ್ಲಿ 37 ಪರ್ಸೆಂಟ್ ಅಯೋಡಿನ್. 200 ಎಂಜಿ ಮಾತ್ರೇಲಿ ಸುಮಾರು 75 ಎಂಜಿ ಅಯೋಡಿನ್ ಇರುತ್ತೆ, ಮನುಷ್ಯನಿಗೆ ದಿನಕ್ಕೆ ಬೇಕಿರೋದು 150 ಮೈಕ್ರೋಗ್ರಾಂ, ನಾನು ಕೂತು ಲೆಕ್ಕ ಹಾಕ್ದೆ, 500 ಪಟ್ಟು. ಅಷ್ಟೂ ಬಿಡುಗಡೆ ಆಗಲ್ಲ ಅಂದ್ರು ಡಾಕ್ಟ್ರು, ಆದ್ರೂ ಥೈರಾಯ್ಡ್ ಗ್ರಂಥಿ ಪಾಡೇನು. ಇವ್ರಿಗೆ ಎರಡ್ನೇ ವರ್ಷ ಥೈರಾಯ್ಡ್ ಪೂರ್ತಿ ಕಮ್ಮಿ ಆಯ್ತು. ಮುಖ ಬಿಸಿಲಿಗೆ ಕಪ್ಪಗೆ ನೀಲಿ ತಿರುಗ್ತು, ಹೊರಗೆ ಹೋಗೋದೇ ಬಿಟ್ಟಿದ್ರು. ನಿಲ್ಲಿಸಿದ ಮೇಲೂ ಮೈಯಿಂದ ಹೋಗೋಕೆ ತಿಂಗಳುಗಟ್ಟಲೆ, ಕೊಬ್ಬಿನಲ್ಲಿ ಹೋಗಿ ಕೂತಿರುತ್ತೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಲಿವರ್ ಟೆಸ್ಟ್ ಬಿಡದೆ ಮಾಡಿಸ್ಬೇಕು, ಒಣ ಕೆಮ್ಮು ದಮ್ಮು ಶುರುವಾದ್ರೆ ಶ್ವಾಸಕೋಶ ನೋಡಿಸ್ಬೇಕು. ನಿಮ್ಮ ಡಾಕ್ಟ್ರು ಅದನ್ನ ಈಗ್ಲೇ ಬೇಡ ಅಂದಿದ್ದು ನಿಮ್ಮಪ್ಪನ ಹಳೇ ಕಾಗದ ಓದಿ ಹೇಳಿದ್ದು, ಅಂಥ ಡಾಕ್ಟ್ರ ಮಾತು ಕೇಳಿ.

ದಾವಣಗೆರೆ_ಬೆಣ್ಣೆ
ಸಿಸ್ಟರ್, ಸರಿ, ಮೂರು ದಿನದ ಲೆಕ್ಕ ಒಪ್ಕೊಂಡೆ. ಇದನ್ನ ಹಿಂಗೆ ಯಾರಾದ್ರೂ ಆಸ್ಪತ್ರೇಲಿ ಹೇಳಿದ್ರೆ ನಾವು ಯಾಕೆ ಅನುಮಾನ ಪಡ್ತೀವಿ. ಫ್ಲೆಕೈನೈಡ್ ಅಟ್ಯಾಕ್ ಆದೋರಿಗೆ ಯಾಕೆ ಬೇಡ ಅನ್ನೋದು ಮಾತ್ರ ಯಾರೂ ಹೇಳ್ಲಿಲ್ಲ.

ಶರೀರ_ಪಾಠ
ಅದಕ್ಕೆ ಒಂದು ಕಥೆ ಇದೆ, ನಾನು ಪ್ರತಿ ವರ್ಷ ಕ್ಲಾಸಲ್ಲಿ ಹೇಳ್ತೀನಿ. ಹಾರ್ಟ್ ಅಟ್ಯಾಕ್ ಆದೋರ ಇಸಿಜಿಯಲ್ಲಿ ನಡುನಡುವೆ ಹೆಚ್ಚುವರಿ ಬಡಿತ ಬರ್ತಿದ್ವು, ಅವು ಜಾಸ್ತಿ ಇದ್ದೋರು ಸಾಯೋದೂ ಜಾಸ್ತಿ ಅಂತ ಗೊತ್ತಿತ್ತು. ಹಂಗಾದ್ರೆ ಆ ಬಡಿತ ಅಡಗಿಸಿದ್ರೆ ಜನ ಬದುಕ್ತಾರೆ ಅಂತ ಎಲ್ರೂ ನಂಬಿದ್ರು, ನಂಬೋಕೆ ಕಾರಣವೂ ಇತ್ತು. ಅಮೆರಿಕದಲ್ಲಿ ಕಾಸ್ಟ್ ಅನ್ನೋ ಟ್ರಯಲ್ ಮಾಡಿದ್ರು, ಫ್ಲೆಕೈನೈಡ್ ಮತ್ತೆ ಎನ್ಕೈನೈಡ್ ಒಂದು ಕಡೆ, ಔಷಧಿ ಇಲ್ಲದ ಬರೀ ಮಾತ್ರೆ ಇನ್ನೊಂದು ಕಡೆ. ಹೆಚ್ಚುವರಿ ಬಡಿತ ಚೆನ್ನಾಗೇ ಅಡಗಿದ್ವು. 1989ರಲ್ಲಿ ಮಧ್ಯದಲ್ಲೇ ನಿಲ್ಲಿಸ್ಬೇಕಾಯ್ತು. 1991ರಲ್ಲಿ ಬಂದ ಪೂರ್ತಿ ವರದಿ ಪ್ರಕಾರ ಔಷಧಿ ತಗೊಂಡ 755 ಜನರಲ್ಲಿ 63 ಜನ ಸತ್ತಿದ್ರು, ಬರೀ ಮಾತ್ರೆ ತಗೊಂಡ 743 ಜನರಲ್ಲಿ 26. ಸರಾಸರಿ ಹತ್ತೇ ತಿಂಗಳಲ್ಲಿ.

ಅಟ್ಯಾಕ್ ಆದ ಹೃದಯದಲ್ಲಿ ಗಾಯದ ಕಲೆ ಇರುತ್ತೆ. ಸೋಡಿಯಂ ತೂಬು ಅರ್ಧ ಮುಚ್ಚಿದ್ರೆ ಕರೆಂಟ್ ಆ ಕಲೆ ಸುತ್ತ ತುಂಬಾ ನಿಧಾನಕ್ಕೆ ತೆವಳುತ್ತೆ, ಅಷ್ಟರಲ್ಲಿ ಹಿಂದಿನ ಜಾಗ ಚಿಗುರಿರುತ್ತೆ, ಸುತ್ತು ಶುರುವಾಗುತ್ತೆ. ಗಾಯ ಇಲ್ಲದ ಗಟ್ಟಿ ಹೃದಯದಲ್ಲಿ ಅದೇ ಫ್ಲೆಕೈನೈಡ್ ಏಟ್ರಿಯಲ್ ಫಿಬ್ರಿಲೇಷನ್‌ಗೆ ಇವತ್ತಿಗೂ ಒಳ್ಳೇ ಮಾತ್ರೆ. ಇಸಿಜಿ ಚಂದ ಆಯ್ತು ಅಂದ್ರೆ ಮನುಷ್ಯ ಬದುಕ್ತಾನೆ ಅಂತ ಅಲ್ಲ ಅನ್ನೋದನ್ನ ಆ ಜನ ಜೀವ ಕೊಟ್ಟು ಕಲಿಸಿದಾರೆ, ಇದನ್ನ ಹೇಳ್ವಾಗ ಪ್ರತಿ ಸಲ ನಂಗೆ ಗಂಟಲು ಕಟ್ಟುತ್ತೆ.

ಧಾರವಾಡದಾಂವ
ನಮ್ಮವ್ವಗ ವಾಲ್ವಿನ ತ್ರಾಸ ಅದ, ಸಣ್ಣಾಕಿ ಇದ್ದಾಗ ಕೀಲು ಜ್ವರ ಬಂದಿತ್ತಂತ. ಆಕೀಗೆ ಡಿಗಾಕ್ಸಿನ್ ಕೊಟ್ಟಾರ, ತಾಳ ಸರಿ ಆಗಂಗಿಲ್ಲ ಆದ್ರ ಕೆಳಗಿನ ಖೋಲಿಗೆ ಬರೂ ಕರೆಂಟ್ ಕಡಿಮಿ ಮಾಡ್ತದ ಅಂತ ಹೇಳಿದ್ರು. ಹೋದ ವರ್ಷ ವಾಂತಿ ಶುರು ಆತು, ಊಟ ಸೇರವಲ್ದು, ಎಲ್ಲಾ ಹಳದಿ ಕಾಣಸ್ತದ ಅಂತಿದ್ಲು. ನಾವು ಕಾಮಾಲಿ ಅಂತ ತಿಳ್ಕೊಂಡು ಊರಾಗ ಔಷಧ ಹಾಕಿಸಿದ್ವಿ, ನಾಡಿ 40ಕ್ಕ ಇಳೀತು. ದವಾಖಾನಿಗೆ ಒಯ್ದ ಮ್ಯಾಲೆ ಗೊತ್ತಾತು ಡಿಗಾಕ್ಸಿನ್ ಮೈಯಾಗ ಜಾಸ್ತಿ ಆಗಿತ್ತು, ಕಿಡ್ನಿ ಸ್ವಲ್ಪ ಕೈ ಕೊಟ್ಟಿತ್ತು. ಯಾರ ಮನ್ಯಾಗ ಈ ಗುಳಿಗಿ ಅದ, ಹಳದಿ ಕಾಣಸ್ತದ ಅಂದ್ರ ಕಾಮಾಲಿ ಅಂತ ಕೂಡಬ್ಯಾಡ್ರಿ, ಆವತ್ತ ಹೋಗ್ರಿ.

ಶರೀರ_ಪಾಠ
ಧಾರವಾಡದವ್ರೆ, ಬರೆದಿದ್ದು ಬಹಳ ಒಳ್ಳೇದಾಯ್ತು. ಡಿಗಾಕ್ಸಿನ್ ತೂಬು ಮುಚ್ಚಲ್ಲ, ಸೋಡಿಯಂ ಹೊರಗೆ ಹಾಕೋ ಪಂಪನ್ನೇ ತಡೆಯುತ್ತೆ, ಜೊತೆಗೆ ವೇಗಸ್ ನರದ ಮೂಲಕ ಮೇಲಿನ ಕೆಳಗಿನ ಕೋಣೆ ನಡುವಿನ ಎವಿ ನೋಡ್‌ನ ನಿಧಾನ ಮಾಡುತ್ತೆ. ಮೂಲ ಫಾಕ್ಸ್‌ಗ್ಲವ್ ಗಿಡ, ಇಂಗ್ಲೆಂಡಿನ ವಿದರಿಂಗ್ 1785ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ನಮ್ಮ ಹಿತ್ತಲಿನ ಕಣಗಿಲೆಯಲ್ಲಿ, ಹಳದಿ ಹೂವಿಂದ್ರಲ್ಲೂ, ಇದೇ ಜಾತಿಯ ವಿಷ ಇದೆ, ಅದೇ ಪಂಪನ್ನ ತಡೆಯುತ್ತೆ. ನಾಟಿ ಔಷಧಿ ಅಂತ ಅದ್ರ ಬೇರು, ಕಾಯಿ ಯಾರೂ ಬಾಯಿಗೆ ಹಾಕ್ಬೇಡಿ, ದನಕ್ಕೂ ಸಿಗದಂಗೆ ನೋಡ್ಕೊಳ್ಳಿ.

ಕಡಲ_ತಡಿ
ನಂದು ಬೇರೆ ಕೇಸು, ಎಸ್‌ವಿಟಿ ಅಂತ, ಹೃದಯ ಇದ್ದಕ್ಕಿದ್ದ ಹಾಗೆ ಜೋರಾಗಿ ಓಡುವುದು. ಕೂತಲ್ಲೇ ನಾಡಿ 188ಕ್ಕೆ ಹೋಗಿತ್ತು ಮಾರಾಯ್ರೆ. ಕ್ಯಾಶುವಾಲ್ಟಿಯಲ್ಲಿ ಅಡೆನೊಸಿನ್ 6 ಎಂಜಿ ರಪ್ಪಂತ ಕೊಟ್ಟು ಹಿಂದೆಯೇ ಸಲೈನ್ ತಳ್ಳಿದ್ರು, ಅದು ಮೈಯಲ್ಲಿ ಹತ್ತು ಸೆಕೆಂಡ್ ಕೂಡ ಉಳಿಯುವುದಿಲ್ಲವಂತೆ. ಎದೆ ಮೇಲೆ ಬಂಡೆ ಇಟ್ಟ ಹಾಗೆ, ಈಗ ಸತ್ತೆ ಅಂತಲೇ ಅನ್ನಿಸಿದ್ದು, ಕಾಗದದಲ್ಲಿ ನಾಲ್ಕು ಸೆಕೆಂಡ್ ಗೆರೆ ಸೀದಾ ಉಂಟು. ಮತ್ತೆ ನಾಡಿ 84. ಆಮೇಲೆ ಅಬ್ಲೇಷನ್ (ಒಳಗೆ ತಂತಿ ಬಿಟ್ಟು ತಪ್ಪು ಕರೆಂಟಿನ ಜಾಗ ಸುಡುವುದು) ಮಾಡಿಸಿಕೊಂಡೆ, ಈಗ ಮಾತ್ರೆ ಇಲ್ಲ. ನಿಮ್ಮ ಅಪ್ಪನಿಗೂ ಅಬ್ಲೇಷನ್ ಆಗ್ತದಾ ಅಂತ ಒಮ್ಮೆ ಕೇಳಿ ನೋಡಿ.

ಶರೀರ_ಪಾಠ
ಕಾಡಿನ ಲೆಕ್ಕದಲ್ಲಿ ಅಬ್ಲೇಷನ್ ಅಂದ್ರೆ ಅರಣ್ಯ ಇಲಾಖೆಯೋರು ಬೇಸಿಗೆ ಮುಂಚೆ ಸುಟ್ಟು ಬಿಡೋ ಬೆಂಕಿ ರೇಖೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಕಿಡಿ ಜಾಸ್ತಿ ಹಾರೋದು ಶ್ವಾಸಕೋಶದಿಂದ ಬರೋ ರಕ್ತನಾಳಗಳ ಬಾಯಿಂದ ಅಂತ 1998ರಲ್ಲಿ ಫ್ರಾನ್ಸ್‌ನ ಬೋರ್ದೋದಲ್ಲಿ ಕಂಡ್ಕೊಂಡ್ರು, ಆ ಬಾಯಿ ಸುತ್ತ ಗೆರೆ ಎಳೀತಾರೆ. ಎಸ್‌ವಿಟಿಯಷ್ಟು ಸುಲಭ ಅಲ್ಲ, ಕೆಲವ್ರಿಗೆ ಎರಡ್ನೇ ಸಲ ಬೇಕಾಗುತ್ತೆ.

ತಿಪಟೂರು_ಮೆಡಿಕಲ್ಸ್
ನಾನು ಫಾರ್ಮಸಿಸ್ಟ್. ಸೋಟಲಾಲ್ ಶುರು ಆದ್ಮೇಲೆ ಮನೇಲಿ ಇದೊಂದು ಗೋಡೆಗೆ ಅಂಟಿಸ್ಕೊಳ್ಳಿ. ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ಲಿವೊಫ್ಲಾಕ್ಸಸಿನ್, ಫ್ಲುಕೊನಜೋಲ್, ವಾಂತಿಗೆ ಕೊಡೋ ಒಂಡನ್ಸೆಟ್ರಾನ್, ಇವೆಲ್ಲಾ ಕ್ಯೂಟಿ ಉದ್ದ ಮಾಡೋವು. ನಂಗೆ ಜಾಸ್ತಿ ಭಯ ಗ್ಯಾಸ್ ಮಾತ್ರೆದು. ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿಸಿರೋದು, ಹೆಸರಿನ ಕೊನೇಲಿ ಡಿ ಅಂತಲೋ ಡಿಎಸ್‌ಆರ್ ಅಂತಲೋ ಇರುತ್ತೆ, ಅದನ್ನ ನಮ್ಮ ಜನ ಪೆಪ್ಪರ್‌ಮೆಂಟ್ ಥರ ತಗೊಂಡು ಹೋಗ್ತಾರೆ. ಡೊಂಪೆರಿಡೋನ್ ಕೂಡ ಇದೇ ಪಟ್ಟೀಲಿದೆ. ಕೌಂಟರಲ್ಲಿ ನಿಂತು ಎಲ್ರನ್ನೂ ಕೇಳೋಕೆ ನಂಗೆ ಆಗಲ್ಲ, ನೀವೇ ಹೇಳಿ, ಅಪ್ಪ ಸೋಟಲಾಲ್ ತಗೋತಾರೆ ಅಂತ.

ಹಾಸನದ_ಮಗಳು
ಅಯ್ಯೋ, ಅಪ್ಪ ಅದನ್ನ ದಿನಾ ಬೆಳಿಗ್ಗೆ ತಗೋತಾರೆ! ಬಿಪಿಗೆ ನೀರಿನ ಮಾತ್ರೇನೂ ಇದೆ, ಮೂತ್ರ ಜಾಸ್ತಿ ಮಾಡಿ ಪೊಟ್ಯಾಸಿಯಂ ಇಳಿಸುತ್ತಂತಲ್ಲ ಅದು. ಇದನ್ನ ಡಾಕ್ಟ್ರಿಗೆ ನಾವು ಹೇಳೇ ಇಲ್ಲ, ಮಾತ್ರೆ ಅಂತ ಲೆಕ್ಕಕ್ಕೇ ಇಟ್ಟಿರ್ಲಿಲ್ಲ. ಪೊಟ್ಯಾಸಿಯಂ ಕಮ್ಮಿ ಇದ್ರೆ ನಮ್ಮನೇಲಿ ಎಳನೀರಿಗೆ ಕೊರತೆ ಇಲ್ಲ, ದಿನಾ ಎರಡು ಕೊಟ್ರೆ ಆಗುತ್ತಾ?

ಸೀಸಿಯು_ಸಿಸ್ಟರ್
ಟೆಸ್ಟ್ ಮಾಡಿಸದೆ ಬೇಡಮ್ಮ. ಎಳನೀರಲ್ಲಿ ಪೊಟ್ಯಾಸಿಯಂ ಚೆನ್ನಾಗೇ ಇದೆ, ಆದ್ರೆ ಕಿಡ್ನಿ ವೀಕ್ ಇದ್ರೆ, ಇಲ್ಲಾ ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಥರದ್ದು ತಗೋತಿದ್ರೆ ಅದು ಮೇಲಕ್ಕೆ ಹೋಗುತ್ತೆ, ಜಾಸ್ತಿ ಆದ್ರೂ ಹೃದಯಕ್ಕೆ ಅಷ್ಟೇ ಅಪಾಯ. ಮನೇಲಿರೋ ಅಷ್ಟೂ ಮಾತ್ರೆ ಒಂದು ಕವರ್‌ಗೆ ಹಾಕ್ಕೊಂಡು ಹೋಗಿ, ಗ್ಯಾಸಿಂದು, ನೋವಿಂದು, ಕಷಾಯದ ಪುಡಿ ಇದ್ರೆ ಅದೂ. ರಕ್ತ ತೆಳು ಮಾಡೋ ಮಾತ್ರೆ ಮಾತ್ರ ಯಾವ ಕಾರಣಕ್ಕೂ ನೀವಾಗೇ ನಿಲ್ಲಿಸ್ಬೇಡಿ. ತಾಳ ಸರಿ ಹೋದ್ರೂ ಪಾರ್ಶ್ವವಾಯು ತಡೆಯೋದು ಅದು, ಸೋಟಲಾಲ್ ಅಲ್ಲ.

ಹಾಸನದ_ಮಗಳು
ಎಂಟು ದಿನ ಆದ್ಮೇಲೆ ಬರೀತಿದೀನಿ. ಅಪ್ಪ ಒಪ್ಕೊಂಡ್ರು. ರಾತ್ರಿ ನಿದ್ದೇಲಿ ಅಪಾಯ ಜಾಸ್ತಿ ಅಂದಿದ್ದು ಅವ್ರಿಗಿಂತ ಅಮ್ಮಂಗೆ ಜಾಸ್ತಿ ನಾಟಿತ್ತು, ಬಟ್ಟೆ ಬ್ಯಾಗ್ ಅಮ್ಮನೇ ಕಟ್ಟಿದ್ರು.

ಹೋದ ದಿನಾನೇ ರಕ್ತ ತೆಗೆದ್ರು, ಪೊಟ್ಯಾಸಿಯಂ ಕಮ್ಮಿ, 3.2 ಇತ್ತು. ಡಾಕ್ಟ್ರು ಮಾತ್ರೆ ಶುರುವೇ ಮಾಡ್ಲಿಲ್ಲ. ಇಡೀ ದಿನ ಪೊಟ್ಯಾಸಿಯಂ ಮೆಗ್ನೀಷಿಯಂ ಕೊಟ್ಟು, ಬಿಪಿಯ ನೀರಿನ ಮಾತ್ರೆ ಬದಲಾಯಿಸಿ, ಗ್ಯಾಸ್ ಮಾತ್ರೇಲಿ ಡೊಂಪೆರಿಡೋನ್ ಇಲ್ಲದ್ದು ಬರೆದು, ಮೆಟೊಪ್ರೊಲಾಲ್ ನಿಲ್ಲಿಸಿ, ಮಾರನೇ ದಿನ 4.3 ಬಂದ್ಮೇಲೆ ಮೊದಲ್ನೇ ಡೋಸ್ ಕೊಟ್ರು, ಹಿಂಗಾಗಿ ಮೂರಲ್ಲ ನಾಲ್ಕು ದಿನ ಆಯ್ತು. ಕ್ಯೂಟಿ 428 ಇದ್ದಿದ್ದು ಮೂರ್ನೇ ಡೋಸ್‌ಗೆ 461, ಐದನೇದಕ್ಕೆ 474, ಅಲ್ಲಿಗೆ ನಿಂತಿದೆ. ಡೋಸ್ ಜಾಸ್ತಿ ಮಾಡಲ್ಲ ಇಷ್ಟೇ ಸಾಕು ಅಂದ್ರು. ರಾತ್ರಿ ನಾಡಿ 48ಕ್ಕೆ ಇಳೀತಿತ್ತು, ಸಿಸ್ಟರ್ ಎರಡ್ಸಲ ಬಂದು ಎಬ್ಬಿಸಿ ಮಾತಾಡಿಸಿದ್ರು, ಅಪ್ಪ ಬೈಕೊಳ್ಳಲಿಲ್ಲ.

ಮನೇಲಿ ಆ 3.2ರ ಮೇಲೆ ಮಾತ್ರೆ ನುಂಗಿದ್ರೆ ಅನ್ನೋದು ಯೋಚಿಸಿದ್ರೆ ಈಗ್ಲೂ ಕೈ ತಣ್ಣಗಾಗುತ್ತೆ. ಬೆಣ್ಣೆ ಅಣ್ಣ, ಬಿಲ್ ಹೆಚ್ಚು ಕಡಿಮೆ ನಾನು ಅಂದ್ಕೊಂಡಷ್ಟೇ ಬಂತು, ನೀವು ಬಿಲ್ ಮಾತೆತ್ತಿದ್ರಿ ಅಂತ ಹೇಳ್ದೆ.

ಇನ್ನೊಂದು ವಾರಕ್ಕೆ ಮತ್ತೆ ಇಸಿಜಿ ಅಂದಿದಾರೆ. ಅಷ್ಟು ದೂರ ಹೋಗೋ ಬದ್ಲು ನಮ್ಮ ತಾಲೂಕು ಆಸ್ಪತ್ರೇಲೇ ತೆಗೆಸಿ ಫೋಟೋ ಕಳಿಸಬಹುದಾ?

ದಾವಣಗೆರೆ_ಬೆಣ್ಣೆ
ಒಳ್ಳೇದಾಯ್ತು ತಂಗಿ. ಅವತ್ತು ನನ್ನ ಮಾತು ಕೇಳ್ಕೊಂಡು ಮನೇಲೇ ಶುರು ಮಾಡ್ಲಿಲ್ಲವಲ್ಲ, ಅಷ್ಟು ಸಾಕು. ಅಪ್ಪಂಗೆ ನಮಸ್ಕಾರ ತಿಳಿಸಿ.

ಸೀಸಿಯು_ಸಿಸ್ಟರ್
ತೆಗೆಸಬಹುದು, ಡಾಕ್ಟ್ರು ಒಪ್ಪಿದ್ರೆ. ಬೆಳಿಗ್ಗೆ ಮಾತ್ರೆ ತಗೊಂಡು ಎರಡು ಗಂಟೆ ಆದ್ಮೇಲೆ ತೆಗೆಸಿ, ಮಾತ್ರೆ ತಗೊಂಡ ಟೈಮನ್ನ ಕಾಗದದ ಮೇಲೆ ಪೆನ್ನಲ್ಲಿ ಬರೀರಿ. ಮಡಚ್ದೆ ಹಾಸಿ ನೇರವಾಗಿ ಫೋಟೋ ತೆಗೀರಿ, ಚೌಕಗಳು ಎಣಿಸೋ ಹಂಗೆ ಕಾಣ್ಬೇಕು. ಡಿಸ್ಚಾರ್ಜ್ ದಿನದ ಇಸಿಜಿ ಪಕ್ಕದಲ್ಲಿ ಇಟ್ಟು ಎರಡನ್ನೂ ಒಟ್ಟಿಗೆ ಕಳಿಸಿ. ಇಸಿಜಿ ಕಾಗದದ ಅಕ್ಷರ ದಿನ ಕಳೆದಂಗೆ ಮಾಸಿ ಹೋಗುತ್ತೆ, ಇವತ್ತೇ ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ.